ಗಣಿಯ ಕಾವಿಗೆ ವಿಮಾನದ ನಕ್ಷೆ

ಆಳದ ಗಣಿಯಲ್ಲಿ ಸೆಕೆಯಾಗುವುದು ಗಣಿಗಾರರ ಮೈಬಿಸಿಯಿಂದ, ಅವರ ಮೇಣದಬತ್ತಿಗಳಿಂದ, ಸಿಡಿಮದ್ದಿನಿಂದ. ಎರಡು ಶತಮಾನದ ಹಿಂದೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಓದಿಕೊಂಡವರೇ ಹೀಗೆ ವಾದಿಸುತ್ತಿದ್ದರು. ಫಾಲ್‌ಮತ್‌ನ ರಾಬರ್ಟ್ ವೇರ್ ಫಾಕ್ಸ್ ಒಪ್ಪಲಿಲ್ಲ. 1815ರಿಂದ ಆತ ತವರ, ತಾಮ್ರದ ಗಣಿಗಳ ಉಷ್ಣತೆ ಅಳೆಯುತ್ತ ಹೋದ. ಗಾಳಿಯ ಬಿಸಿಯನ್ನು ನೆಚ್ಚದೆ, ಡಾಲ್ಕೋತ್ ಗಣಿಯ ಬಂಡೆಗೇ ತೂತು ಕೊರೆದು ಥರ್ಮಾಮೀಟರ್ ಇಳಿಸಿದ. ಇಳಿದಷ್ಟೂ ಕಾವು ಏರುತ್ತಿತ್ತು. ಆದರೂ ಜಗಳ ವರ್ಷಗಟ್ಟಲೆ ಎಳೆಯಿತು. ಮುಂದೆ ಅಲ್ಲಿಯ ವೀಲ್ ಕ್ಲಿಫರ್ಡ್ ಗಣಿಯ ಬಿರುಕಿನಿಂದ 50 ಡಿಗ್ರಿ ದಾಟಿದ ನೀರೇ ಉಕ್ಕಿತು. ಯಾವ ಮೇಣದಬತ್ತಿ ಅದನ್ನು ಕಾಯಿಸೀತು?

1906ರಲ್ಲಿ ವಿಜ್ಞಾನಿ ರಾಬರ್ಟ್ ಸ್ಟ್ರಟ್ ಕಲ್ಲುಗಳಲ್ಲಿನ, ವಿಕಿರಣ ಸೂಸುತ್ತ ಕಾವು ಕೊಡುವ ರೇಡಿಯಂ ಅಳೆದಾಗ ಕಾವಿನ ಒಂದು ದೊಡ್ಡ ಮೂಲ ಸಿಕ್ಕಿತು. ಅದರಲ್ಲೂ ಗ್ರಾನೈಟ್ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವ ಕಲ್ಲು.

ಈ ಕಾವಿನ ನಕ್ಷೆ ಬರಲು ಮಾತ್ರ ಯುರೇನಿಯಂ ಬೇಟೆಯೇ ಬೇಕಾಯಿತು. ಅದಕ್ಕೆಂದು ವಿಮಾನದಲ್ಲಿಟ್ಟ ಸೋಡಿಯಂ ಅಯೋಡೈಡ್ ಹರಳುಗಳು ನೆಲದಿಂದೇಳುವ ಗಾಮಾ ಕಿರಣಗಳನ್ನು ಹಿಡಿಯುತ್ತವೆ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳ ಗುರುತು ಕ್ರಮವಾಗಿ 1.46, 1.76, 2.61 ಮೆಗಾ ಎಲೆಕ್ಟ್ರಾನ್ ವೋಲ್ಟ್. ಶಾಖ ಹುಟ್ಟಿಸುವ ಈ ಮೂರರ ಪ್ರಮಾಣ, ಕಲ್ಲಿನ ಸಾಂದ್ರತೆ ಗೊತ್ತಾದರೆ ಬಂಡೆಯ ಶಾಖೋತ್ಪಾದನೆಯ ಲೆಕ್ಕ ಸಿಗುತ್ತದೆ. 1980ರಲ್ಲಿ ಕೆನಡಾದ ರಿಚರ್ಡ್‌ಸನ್ ಮತ್ತು ಕಿಲೀನ್ ಹೀಗೆ ವಿಶಾಲ ಪ್ರದೇಶಗಳ ನಕ್ಷೆ ಬರೆಯುವ ಬಗೆಯನ್ನು ಪ್ರಕಟಿಸಿದರು. 2013ರಲ್ಲಿ ವಿಮಾನ ಫಾಕ್ಸನ ನಾಡಿನ ಮೇಲೂ 200 ಮೀಟರ್ ಅಂತರದ ಸಾಲುಗಳಲ್ಲಿ ಹಾರಿತು. ಅಲ್ಲಿಯ ಗ್ರಾನೈಟ್‌ನಲ್ಲಿ ಘನ ಮೀಟರಿಗೆ ಹುಟ್ಟುವುದು ಸುಮಾರು 4–5 ಮೈಕ್ರೋವ್ಯಾಟ್ ಮಾತ್ರ. ಆದರೆ ಬಂಡೆ ಕಿಲೋಮೀಟರ್‌ಗಟ್ಟಲೆ ದಪ್ಪ. ಹಾಗಾಗಿಯೇ ಅಲ್ಲಿ 2.6 ಕಿ.ಮೀ. ಆಳಕ್ಕೆ ಸುಮಾರು 100 ಡಿಗ್ರಿ.

ಕಾರ್ನ್‌ವಾಲ್‌ನ ಗಣಿಗಾರರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದಿದ್ದರು. ಇಲ್ಲಿ 3 ಕಿ.ಮೀ. ಇಳಿದರೂ ಬಂಡೆಯ ಕಾವು 60 ಡಿಗ್ರಿ ಚಿಲ್ಲರೆ. ಚಿನ್ನದೆಳೆಯ ಸುತ್ತಲಿನ ಕಪ್ಪು ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ತೀರಾ ಕಡಿಮೆ.

ವಿಮಾನಕ್ಕೆ ಸಿಗುವುದು ನೆಲದ ಮೇಲ್ಪದರದ ಒಂದೂವರೆ ಅಡಿಯೊಳಗಿನ ಸುದ್ದಿ. ಮಣ್ಣು ಒದ್ದೆಯಾದರೆ ಅದೂ ಮಂಕು. ಕೆಳಗಿನ ಲೆಕ್ಕವನ್ನು ಒರೆಗೆ ಹಚ್ಚಲು ಆಳಕ್ಕೇ ಇಳಿಯಬೇಕು. ಕಾರ್ನ್‌ವಾಲ್‌ನವರು ಆ ಬಿಸಿನೀರಿನ ಗಣಿಯಿದ್ದ ಸೀಮೆಯಲ್ಲೇ, ಯುನೈಟೆಡ್ ಡೌನ್ಸ್‌ನಲ್ಲಿ, 5 ಕಿ.ಮೀ. ಮೀರಿ ಕೊರೆದರು. ನಾವು ಹೊಸದಾಗಿ ಕೊರೆಯಬೇಕಾಗಿಯೂ ಇರಲಿಲ್ಲ. 3 ಕಿ.ಮೀ. ಆಳದ ಗಣಿ ಕೈಯಲ್ಲೇ ಇತ್ತು. 2001ರಲ್ಲಿ ಅದನ್ನು ಮುಚ್ಚಿದರು, ಶಾಫ್ಟ್‌ಗಳಲ್ಲಿ ನೀರು ತುಂಬಿತು. ಬಂಡೆಯ ಕಾವು ಅಳೆಯಲೆಂದು ಒಂದು ಶಾಫ್ಟನ್ನಾದರೂ ಉಳಿಸಿಕೊಳ್ಳಬೇಕಿತ್ತು.