ಸರಕಿನ ಚಿತ್ರವೂ ಬಿಳಿಯ ಹಿನ್ನೆಲೆಯೂ

ಅಂಗಡಿಗೆ ಬಂದ ಗ್ರಾಹಕನು ಸರಕನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ತೂಕವನ್ನು ಅಂದಾಜು ಮಾಡಿ, ಅನಂತರ ಬೆಲೆ ಕೇಳುತ್ತಾನೆ. ಅಂತರಜಾಲದ ಮಾರುಕಟ್ಟೆಯಲ್ಲಿ ಈ ಎಲ್ಲ ಕೆಲಸವನ್ನೂ ಛಾಯಾಚಿತ್ರವೇ ಮಾಡಬೇಕಾಗಿದೆ. ಆ ಚಿತ್ರದಲ್ಲಿ ಕಾರ್ಖಾನೆಯ ಗೋಡೆ, ಮೇಜಿನ ಅಂಚು, ನೇತಾಡುವ ವೈರು ಕಾಣಬಾರದೆಂಬುದು ಈಗ ಕೇವಲ ಅಂದದ ಮಾತಾಗಿ ಉಳಿದಿಲ್ಲ. ಅಮೆಜಾನ್ ತಾಣವು ಸರಕಿನ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿಯ ಹಿನ್ನೆಲೆಯನ್ನು ವಿಧಿಸಿದೆ. ಅಂದರೆ ಹಿನ್ನೆಲೆಯಲ್ಲಿ ಕೆಂಪು, ಹಸಿರು, ನೀಲಿ ಈ ಮೂರರ ಮೌಲ್ಯವೂ 255 ಇರಬೇಕು. ಸರಕು ಚೌಕಟ್ಟಿನ ಶೇಕಡಾ 85ರಷ್ಟು ಭಾಗವನ್ನು ತುಂಬಿರಬೇಕೆಂಬ ನಿಯಮವೂ ಉಂಟು. ಹೀಗಾಗಿ ಚಿತ್ರದಿಂದ ಹಿನ್ನೆಲೆಯನ್ನು ಬೇರ್ಪಡಿಸುವ ಕೆಲಸವು ಸಣ್ಣ ಉದ್ಯಮಿಯ ಖರ್ಚಿನ ಪಟ್ಟಿಯಲ್ಲಿ ಸ್ಥಾನ ಪಡೆದಿದೆ.

ಈ ಕೆಲಸ ಹೊಸದೇನಲ್ಲ. ಗಣಕಯಂತ್ರ ಬರುವುದಕ್ಕೆ ಮೊದಲು ಮುದ್ರಣಕ್ಕೆ ಹೋಗುವ ಚಿತ್ರದ ಮೇಲೆ ಕೆಂಪು ಫಿಲ್ಮನ್ನು ಹಾಸಿ, ಬ್ಲೇಡಿನಿಂದ ಅಂಚು ಕೊಯ್ದು, ಬೇಡದ ಭಾಗವನ್ನು ಮರೆಮಾಡುತ್ತಿದ್ದರು. 1990ರಲ್ಲಿ ಫೋಟೋಶಾಪ್ ಮಾರುಕಟ್ಟೆಗೆ ಬಂದ ಮೇಲೆ ಬ್ಲೇಡಿನ ಕೆಲಸ ಮೌಸಿಗೆ ಬಂತು. 2018ರಲ್ಲಿ ಅದೇ ತಂತ್ರಾಂಶಕ್ಕೆ ವಸ್ತುವನ್ನು ತಾನೇ ಗುರುತಿಸಿ ಆಯ್ದುಕೊಡುವ ಸೌಲಭ್ಯ ಸೇರಿತು. ಇಂದು ಒಂದೇ ಗುಂಡಿ ಒತ್ತಿದರೆ ಹಿನ್ನೆಲೆ ಮಾಯವಾಗುವ ಸೇವೆಗಳು ಮೊಬೈಲಿನಲ್ಲಿಯೂ ದೊರೆಯುತ್ತವೆ. ಅಷ್ಟರಿಂದ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ತೊಂದರೆ ಇರುವುದು ಅಲ್ಲಿಯೇ.

ಅಂಚಿನ ಪ್ರಶ್ನೆ

ಯಂತ್ರವು ಬಣ್ಣದ ವ್ಯತ್ಯಾಸವನ್ನೂ ಆಕಾರವನ್ನೂ ನೋಡಿ ಅಂಚನ್ನು ಊಹಿಸುತ್ತದೆ. ವ್ಯತ್ಯಾಸ ಸ್ಪಷ್ಟವಾಗಿರುವಲ್ಲಿ ಊಹೆ ಸರಿಯಾಗುತ್ತದೆ. ಬಿಳಿಯ ಪಿಂಗಾಣಿ ಬಟ್ಟಲನ್ನು ಬಿಳಿಯ ಬಟ್ಟೆಯ ಮೇಲಿಟ್ಟು ತೆಗೆದ ಚಿತ್ರವನ್ನು ಕೊಟ್ಟರೆ ಬಟ್ಟಲಿನ ತುಟಿಯನ್ನೇ ಕತ್ತರಿಸಿಹಾಕಬಹುದು; ಹಿಡಿಕೆಯ ಒಳಗಿನ ಸಂದಿಯಲ್ಲಿ ಹಳೆಯ ಹಿನ್ನೆಲೆಯನ್ನು ಹಾಗೆಯೇ ಉಳಿಸಲೂಬಹುದು.

ಸರಕಿನ ಗುಣಕ್ಕೆ ತಕ್ಕಂತೆ ಕಷ್ಟವೂ ಬೇರೆ. ಚನ್ನಪಟ್ಟಣದ ಮರದ ಆಟಿಕೆಯನ್ನು ತೆಗೆದುಕೊಳ್ಳಬಹುದು. ಅದರ ಅಂಚು ದುಂಡಗೆ ನುಣುಪಾಗಿರುವುದರಿಂದ ಪೆನ್ ಟೂಲ್ ಎಂಬ ಸಾಧನದಿಂದ ಕೆಲವೇ ಬಿಂದುಗಳನ್ನಿಟ್ಟು ವಕ್ರರೇಖೆ ಎಳೆದರೆ ಚೊಕ್ಕವಾಗಿ ಬೇರ್ಪಡುತ್ತದೆ. ಆದರೆ ಅರಗಿನ ಹೊಳಪು ಕನ್ನಡಿಯಂತೆ ವರ್ತಿಸುತ್ತದೆ. ಹಸಿರು ಮೇಜುಬಟ್ಟೆಯ ಮೇಲಿಟ್ಟು ತೆಗೆದ ಹಳದಿ ಗೊಂಬೆಯ ಬುಡದಲ್ಲಿ ಹಸಿರು ಛಾಯೆ ಕುಳಿತಿರುತ್ತದೆ, ಹಿನ್ನೆಲೆಯನ್ನು ತೆಗೆದರೂ ಆ ಛಾಯೆ ಹೋಗದು. ಸ್ಟೀಲ್ ಪಾತ್ರೆಯಲ್ಲಂತೂ ಛಾಯಾಗ್ರಾಹಕನ ಅಂಗಿಯೂ ಕಾಣುತ್ತದೆ. ಇದಕ್ಕೆ ಪರಿಹಾರ ತಂತ್ರಾಂಶದಲ್ಲಿಲ್ಲ. ಚಿತ್ರ ತೆಗೆಯುವಾಗಲೇ ಸುತ್ತ ಬಿಳಿಯ ಅಥವಾ ತಿಳಿಬೂದು ಹಾಳೆಗಳನ್ನು ನಿಲ್ಲಿಸಬೇಕು.

ಇಳಕಲ್ ಸೀರೆಯ ಸೆರಗಿನ ಕುಚ್ಚು ಇನ್ನೊಂದು ಬಗೆ. ಎಳೆ ಎಳೆಯಾಗಿ ಇಳಿಬಿದ್ದ ದಾರಗಳನ್ನು ಪೆನ್ನಿನಿಂದ ಸುತ್ತುವರಿಯಲು ಹೋದರೆ ಕುಚ್ಚು ಹಲಗೆಯಂತೆ ಕಾಣುತ್ತದೆ. ಇಲ್ಲಿ ಮಾಸ್ಕ್ ಎಂಬ ಮುಸುಕಿನ ವಿಧಾನ ಬೇಕು. ಮುಸುಕಿನಲ್ಲಿ ಬಿಳಿಯ ಭಾಗ ಕಾಣುತ್ತದೆ, ಕಪ್ಪು ಭಾಗ ಮರೆಯಾಗುತ್ತದೆ, ಬೂದು ಭಾಗ ಅರೆಪಾರದರ್ಶಕವಾಗುತ್ತದೆ. ದಾರದ ಮೃದುತ್ವ ಉಳಿಯುವುದು ಈ ಬೂದು ಬಣ್ಣದಲ್ಲಿ. ಇನ್ನೊಂದು ಲಾಭವೆಂದರೆ ಮುಸುಕು ಚಿತ್ರವನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೆ. ತಪ್ಪಾದಲ್ಲಿ ಬಿಳಿ ಬಳಿದು ಮರಳಿ ಪಡೆಯಬಹುದು. ರಬ್ಬರಿನಿಂದ ಒರೆಸಿದಂತೆ ಅಳಿಸಿದವನಿಗೆ ಆ ಅನುಕೂಲವಿಲ್ಲ.

ಕೆಲಸ ಸರಿಯಾಗಿದೆಯೇ ಎಂದು ಅರಿಯಲು ಸುಲಭವಾದ ಪರೀಕ್ಷೆಯೊಂದಿದೆ. ಬೇರ್ಪಡಿಸಿದ ಸರಕಿನ ಕೆಳಗೆ ತಾತ್ಕಾಲಿಕವಾಗಿ ಕಪ್ಪು ಪದರವನ್ನೂ ಬಳಿಕ ಕಡುಗೆಂಪು ಪದರವನ್ನೂ ಇಟ್ಟು ದೊಡ್ಡದು ಮಾಡಿ ನೋಡಬೇಕು. ಬಿಳಿಯ ಮೇಲೆ ಕಣ್ಣಿಗೆ ಬೀಳದ ಹಳೆಯ ಹಿನ್ನೆಲೆಯ ಎಳೆ, ಕತ್ತರಿಸಿಹೋದ ಮೂಲೆ ಎಲ್ಲವೂ ಆಗ ಬಯಲಾಗುತ್ತವೆ. ಹೊರಗಿನವರಿಗೆ ಕೆಲಸ ವಹಿಸಿದ ಉದ್ಯಮಿಯು ಬಿಲ್ಲು ಪಾವತಿಸುವ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ನೆರಳು, ಬಣ್ಣ ಮತ್ತು ವಾಪಸಾತಿ

ಹಿನ್ನೆಲೆ ತೆಗೆಯುವಲ್ಲಿಗೆ ಕೈ ನಿಲ್ಲುವುದು ಅಪರೂಪ. ನೆರಳನ್ನು ಪೂರ್ತಿ ಕಿತ್ತರೆ ಪಾತ್ರೆ ಗಾಳಿಯಲ್ಲಿ ತೇಲಿದಂತೆ ಕಾಣುವುದರಿಂದ ತೆಳುವಾದ ನೆರಳನ್ನು ಮತ್ತೆ ಸೇರಿಸುತ್ತಾರೆ, ಅದು ತಪ್ಪಲ್ಲ. ಆದರೆ ಜೊತೆಗೆ ಮರದ ಗಂಟನ್ನು ಅಳಿಸುವುದು, ಎರಕದ ಒರಟನ್ನು ನುಣ್ಣಗೆ ಮಾಡುವುದು, ಬಣ್ಣವನ್ನು ಗಾಢಗೊಳಿಸುವುದು ಇವೂ ನಡೆಯುತ್ತವೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನು ಕೊಡುವ ವಿವರಣೆ ಮತ್ತು ಚಿತ್ರಗಳು ಸರಕಿನ ನಿಜರೂಪಕ್ಕೂ ಗುಣಮಟ್ಟಕ್ಕೂ ನೇರವಾಗಿ ಹೊಂದಿಕೆಯಾಗಿರಬೇಕು. ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ.

ಲೆಕ್ಕದ ದೃಷ್ಟಿಯಿಂದ ಇದು ಚಿಕ್ಕ ವಿಷಯವಲ್ಲ. ಉದಾಹರಣೆಗಾಗಿ, 800 ರೂಪಾಯಿಯ ಸರಕಿನಲ್ಲಿ 120 ರೂಪಾಯಿ ಲಾಭವೆಂದೂ, ಹೋಗಿಬರುವ ಸಾಗಣೆ ಮತ್ತು ಪ್ಯಾಕಿಂಗ್ ವೆಚ್ಚ ಮಾರಾಟಗಾರನ ಪಾಲಿಗೆ 180 ರೂಪಾಯಿ ಎಂದೂ ಇಟ್ಟುಕೊಂಡರೆ, ಒಂದು ವಾಪಸಾತಿಯು ಒಂದೂವರೆ ಮಾರಾಟದ ಲಾಭವನ್ನು ನುಂಗುತ್ತದೆ. ಹಿಂದಿರುಗಿದ ಸರಕಿನ ಜಿ.ಎಸ್.ಟಿ.ಯನ್ನು ಕ್ರೆಡಿಟ್ ನೋಟಿನ ಮೂಲಕ ಕಾಲಮಿತಿಯೊಳಗೆ ಸರಿಹೊಂದಿಸಿಕೊಳ್ಳಬಹುದು. ಸಾಗಣೆಗೆ ತೆತ್ತ ಹಣಕ್ಕೆ ಅಂತಹ ನೋಟು ಇಲ್ಲ. ಇದರ ಮುಂದೆ ಚಿತ್ರವೊಂದಕ್ಕೆ ತೆರುವ ಕೂಲಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸುವುದು ಜಾಣತನವೆನಿಸದು. ಹೆಚ್ಚು ಮಾರಾಟವಾಗುವ ಹತ್ತಾರು ಸರಕುಗಳಿಗೆ ನುರಿತ ಕೈಯಿಂದ ಕೆಲಸ ಮಾಡಿಸಿ, ಉಳಿದವನ್ನು ಸ್ವಯಂಚಾಲಿತ ಸಾಧನಕ್ಕೆ ಬಿಟ್ಟು ಒಮ್ಮೆ ಪರಿಶೀಲಿಸುವುದು ಸಾಧ್ಯವಾದ ಮಾರ್ಗ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿಯೂ ಪೆನ್ನಿನ ರೇಖೆ, ಮುಸುಕು ಎರಡೂ ಲಭ್ಯ.

ಕೆಲಸ ಮುಗಿದ ಮೇಲೆ ಏನನ್ನು ಕೇಳಿ ಪಡೆಯಬೇಕೆಂಬುದು ಹಲವರಿಗೆ ತಿಳಿಯದು. ಜೆ.ಪಿ.ಇ.ಜಿ. ಕಡತದಲ್ಲಿ ಪಾರದರ್ಶಕತೆ ಉಳಿಯದು, ಪಿ.ಎನ್.ಜಿ.ಯಲ್ಲಿ ಉಳಿಯುತ್ತದೆ. ಪದರಗಳೂ ಮುಸುಕೂ ಇರುವ ಮೂಲ ಕಡತ ಕೈಯಲ್ಲಿದ್ದರೆ ದೀಪಾವಳಿಯ ಕರಪತ್ರಕ್ಕೆ ಅದೇ ಚಿತ್ರವನ್ನು ಬೇರೆ ಹಿನ್ನೆಲೆಯ ಮೇಲೆ ಕೂರಿಸಬಹುದು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಪ್ರಕರಣದಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯವು ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ ತೆಗೆಸಿದವನದೇ. ಛಾಯಾಗ್ರಾಹಕನ ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅಂತಹ ಒಪ್ಪಂದ ಅಡಗಿದೆಯೇ ಎಂದು ಸಹಿ ಮಾಡುವ ಮೊದಲೇ ಓದಿಕೊಳ್ಳಬೇಕು.