ಬಳುವಳಿಯ ತಂಡ, ಮೊದಲ ವರ್ಷ

ಕಳೆದ ವರ್ಷ ನಮ್ಮ ಶಾಲೆಗೆ ಹೊಸ ವ್ಯಾಯಾಮ ಶಿಕ್ಷಕರೊಬ್ಬರು ಬಂದರು. ಹಳಬರಿಗೆ ವರ್ಗವಾಗಿತ್ತು. ಹಳಬರ ಕಾಲದಲ್ಲಿ ನಮ್ಮ ಹುಡುಗರು ಮಂಡಲ ಮಟ್ಟದ ಖೋ-ಖೋ ಪಂದ್ಯವನ್ನು ಎರಡು ವರ್ಷ ಮೇಲಿಂದ ಮೇಲೆ ಗೆದ್ದಿದ್ದರು. ಹೊಸಬರ ಕೈಯಲ್ಲಿ ಮೊದಲನೆಯ ಸುತ್ತಿನಲ್ಲಿಯೇ ಸೋತು, ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆ ಮರಳಿದರು. ಮರುದಿನ ಬೆಳಿಗ್ಗೆ ಶಾಲಾ ಸಮಿತಿಯ ಹಿರಿಯರೊಬ್ಬರು ನನ್ನ ಕೋಣೆಗೆ ಬಂದು ಕುಳಿತರು.

"ಅಲ್ರೀ ಹೆಡ್‌ಮಾಸ್ಟ್ರೇ, ಹುಡುಗ್ರು ಅವ್ರೇ, ಬಯಲು ಅದೇ. ಬದಲಾಗಿರೋದು ಡ್ರಿಲ್ ಮಾಸ್ಟ್ರು ಒಬ್ರೇ. ಮತ್ತೆ ತಪ್ಪು ಯಾರ್ದಂತ ನೀವೇ ಹೇಳ್ರಿ!"

ಕೇಳಲು ಇದು ತರ್ಕಬದ್ಧವಾದ ಮಾತೇ. ವರ್ಷದ ಕೊನೆಗೆ ಆ ಶಿಕ್ಷಕರ ಕೆಲಸದ ಕುರಿತು ಅಭಿಪ್ರಾಯ ಬರೆಯಬೇಕಾದವನು ನಾನು. ಎರಡು ಸಾಲಿನ ಆ ಬರಹದಿಂದ ಒಬ್ಬ ತರುಣನ ಉತ್ಸಾಹ ಉಳಿಯಲೂಬಹುದು, ಬತ್ತಲೂಬಹುದು. ಆದ್ದರಿಂದ ಇತರರು ಬೆಳೆಸಿದ ಆಟಗಾರರನ್ನು ಕೈಗೆ ತೆಗೆದುಕೊಂಡ ಗುರುವಿನ ಮೊದಲ ವರ್ಷವನ್ನು ಅಳೆಯುವ ಬಗೆ ಯಾವುದೆಂದು ಕೆಲವು ದಿನ ಯೋಚಿಸಿದೆ. ಯೋಚನೆಗೆ ಆಧಾರವಾಗಿ ದೊರೆತವರು ನಮ್ಮವರೇ ಆದ ಇಬ್ಬರು, ಅನಿಲ್ ಕುಂಬ್ಳೆ ಹಾಗೂ ರಾಹುಲ್ ದ್ರಾವಿಡ್.

ಕುಂಬ್ಳೆಯವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಮನೆತನದ ಹೆಸರು ಮಾತ್ರ ಕಾಸರಗೋಡು ಸೀಮೆಯ ಕುಂಬಳೆಯದು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ತಾಲ್ಲೂಕುಗಳ ನಮಗೆ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಹೆಸರು ಕಿವಿಗೆ ಬಿದ್ದಾಗ ಒಂದು ಬಗೆಯ ನೆರೆತನ ತೋರುತ್ತದೆ, ಅದು ಹಾಗಿರಲಿ. ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ ಪಡೆದು 2008ರಲ್ಲಿ ನಿವೃತ್ತರಾದ ಈ ಎಂಜಿನಿಯರ್ 2016ರ ಜೂನ್ ತಿಂಗಳಲ್ಲಿ ಒಂದು ವರ್ಷದ ಅವಧಿಗೆ ಭಾರತ ತಂಡದ ಮುಖ್ಯ ಕೋಚ್ ಆದರು. ಆ ವರ್ಷ ತಂಡ ಆಡಿದ ಟೆಸ್ಟ್ ಪಂದ್ಯಗಳು 17. ಗೆದ್ದದ್ದು 12, ಡ್ರಾ ಆದದ್ದು 4, ಸೋತದ್ದು ಒಂದೇ ಒಂದು. ವೆಸ್ಟ್ ಇಂಡೀಸ್, ನ್ಯೂಜಿಲೆಂಡ್, ಇಂಗ್ಲೆಂಡ್, ಬಾಂಗ್ಲಾದೇಶ, ಆಸ್ಟ್ರೇಲಿಯಾ ಈ ಐದೂ ತಂಡಗಳ ಮೇಲೆ ಸರಣಿ ಜಯ. ನಮ್ಮ ಹಿರಿಯರ ತಕ್ಕಡಿಯಲ್ಲಿ ತೂಗಿದರೆ ನೂರಕ್ಕೆ ನೂರು ಅಂಕ ಕೊಡಬೇಕು.

ಆದರೆ ಲೆಕ್ಕವನ್ನು ಬಿಡಿಸಿ ನೋಡೋಣ. ಆ 17ರಲ್ಲಿ 13 ಪಂದ್ಯಗಳು ನಡೆದದ್ದು ನಮ್ಮ ನೆಲದಲ್ಲಿ. 12 ಗೆಲುವುಗಳಲ್ಲಿ 10 ದೊರೆತದ್ದೂ ಇಲ್ಲಿಯೇ. ಅಶ್ವಿನ್, ಜಡೇಜ, ಪೂಜಾರ, ರಹಾನೆ, ನಾಯಕ ಕೊಹ್ಲಿ, ಇವರೆಲ್ಲರೂ ಕುಂಬ್ಳೆ ಬರುವ ಮೊದಲೇ ಪಕ್ವರಾಗಿದ್ದವರು. ರವಿ ಶಾಸ್ತ್ರಿಯವರು ತಂಡದ ನಿರ್ದೇಶಕರಾಗಿದ್ದಾಗ, 2015ರಲ್ಲಿ, ಹೆಚ್ಚುಕಡಿಮೆ ಇದೇ ತಂಡ ಶ್ರೀಲಂಕೆಗೆ ಹೋಗಿ 2-1ರಿಂದ ಗೆದ್ದು, ಆಮೇಲೆ ದಕ್ಷಿಣ ಆಫ್ರಿಕವನ್ನು ಇಲ್ಲಿ 3-0ಯಿಂದ ಸೋಲಿಸಿತ್ತು. ನಮ್ಮ ಎರೆ ಸೀಮೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲವನ್ನು ಹೊಸದಾಗಿ ಗುತ್ತಿಗೆ ಹಿಡಿದವನ ಮೊದಲ ವರ್ಷದ ಹತ್ತಿಯಲ್ಲಿ ಹಿಂದಿನವನು ಹಾಕಿದ ಗೊಬ್ಬರದ ಪಾಲೂ ಇರುತ್ತದೆ, ಆತ ಕೀಳದೆ ಬಿಟ್ಟುಹೋದ ಕರಿಕೆಯ ಪಾಲೂ ಇರುತ್ತದೆ.

ಹಾಗಾದರೆ ಕುಂಬ್ಳೆಯವರದೆಂದು ಎತ್ತಿ ತೋರಿಸಬಹುದಾದದ್ದು ಯಾವುದು? ನಾನು ಶಿಕ್ಷಕ ತರಬೇತಿ ಪಡೆಯುತ್ತಿದ್ದಾಗ ಪಾಠಟಿಪ್ಪಣಿಯಲ್ಲಿ 'ಪೂರ್ವಜ್ಞಾನ' ಎಂಬ ಒಂದು ಅಂಕಣವಿರುತ್ತಿತ್ತು. ಪಾಠ ಆರಂಭವಾಗುವ ಮೊದಲೇ ಮಕ್ಕಳಿಗೆ ಏನು ತಿಳಿದಿದೆ ಎಂಬುದನ್ನು ಅಲ್ಲಿ ಬರೆಯಬೇಕು. ಅದನ್ನು ಖಾಲಿ ಬಿಟ್ಟರೆ ನಮ್ಮ ಗುರುಗಳು ಟಿಪ್ಪಣಿಯನ್ನು ನೋಡದೆ ಹಿಂದಿರುಗಿಸುತ್ತಿದ್ದರು. ಅಂದು ಅದು ಬರಿಯ ಕಾಟವೆನಿಸಿತ್ತು. ಈಗ ಅದೇ ಅಂಕಣವನ್ನು ಈ ತಂಡಕ್ಕೂ ಬರೆದು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಅಶ್ವಿನ್ ಅದುವರೆಗೆ ಸಾಮಾನ್ಯವಾಗಿ ಎಂಟನೆಯವರಾಗಿ ಬ್ಯಾಟ್ ಹಿಡಿಯುತ್ತಿದ್ದ ಬೌಲರ್. 2016ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಅವರನ್ನು ಆರನೆಯ ಸ್ಥಾನಕ್ಕೆ ಏರಿಸಲಾಯಿತು. ಆಂಟಿಗಾದಲ್ಲಿ 113, ಸೇಂಟ್ ಲೂಸಿಯಾದಲ್ಲಿ 118 ರನ್ ಬಂದವು. ನಾಯಕ ಮತ್ತು ಕೋಚ್ ಇಬ್ಬರೂ ಮನಸ್ಸು ಮಾಡದೆ ಇಂಥ ಬಡ್ತಿ ಆಗುವಂಥದಲ್ಲ. ಕುಂಬ್ಳೆಯವರೂ ಬೌಲರ್ ಎನಿಸಿಕೊಂಡೇ ಬಾಳಿ, 2007ರಲ್ಲಿ ಓವಲ್ ಮೈದಾನದಲ್ಲಿ ಔಟಾಗದೆ 110 ರನ್ ಹೊಡೆದಿದ್ದವರು. ಬೌಲರನ ಕೈಯಲ್ಲಿಯೂ ಬ್ಯಾಟಿಗೆ ಬೆಲೆಯಿದೆಯೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಅದೇ ಚಳಿಗಾಲದಲ್ಲಿ ವಿಶಾಖಪಟ್ಟಣದಲ್ಲಿ ಮೊದಲ ಟೆಸ್ಟ್ ಆಡಿದ ಜಯಂತ್ ಯಾದವ್, ಮುಂಬಯಿಯಲ್ಲಿ ಒಂಬತ್ತನೆಯವರಾಗಿ ಬಂದು 104 ರನ್ ಗಳಿಸಿದರು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ 2017ರ ಮಾರ್ಚ್ ತಿಂಗಳಲ್ಲಿದೆ. ಪುಣೆಯಲ್ಲಿ ಆಸ್ಟ್ರೇಲಿಯಾದೆದುರು ನಮ್ಮವರು 105 ಹಾಗೂ 107 ರನ್ನುಗಳಿಗೆ ಉರುಳಿ 333 ರನ್ನುಗಳಿಂದ ಸೋತಿದ್ದರು. ಮುಂದಿನದು ಬೆಂಗಳೂರು. ಮೊದಲ ಇನಿಂಗ್ಸಿನಲ್ಲಿ 189ಕ್ಕೆ ಮುಗಿದು 87 ರನ್ ಹಿಂದೆ ಬಿದ್ದ ತಂಡ, ಎರಡನೆಯದರಲ್ಲಿ ಪೂಜಾರರ 92, ರಾಹುಲರ 51 ಇವುಗಳ ಬಲದಿಂದ ಎದ್ದು ನಿಂತು, 188ರ ಗುರಿಯ ಮುಂದೆ ಆಸ್ಟ್ರೇಲಿಯಾವನ್ನು 112ಕ್ಕೆ ಕಟ್ಟಿಹಾಕಿತು. ಕೊನೆಯ ಪಂದ್ಯ ಧರ್ಮಶಾಲೆಯಲ್ಲಿ. ನಾಯಕ ಕೊಹ್ಲಿಗೆ ಭುಜದ ಗಾಯ. ಬ್ಯಾಟುಗಾರನ ಜಾಗಕ್ಕೆ ಇನ್ನೊಬ್ಬ ಬ್ಯಾಟುಗಾರನನ್ನು ತರದೆ, ಒಂದೂ ಟೆಸ್ಟ್ ಆಡದಿದ್ದ ಕುಲದೀಪ್ ಯಾದವ್ ಎಂಬ ಎಡಗೈ ಸ್ಪಿನ್ನರನನ್ನು ಇಳಿಸಿದರು. ಆತ ಮೊದಲ ಇನಿಂಗ್ಸಿನಲ್ಲಿಯೇ 4 ವಿಕೆಟ್ ಪಡೆದ. ತಂಡ ಎಂಟು ವಿಕೆಟುಗಳಿಂದ ಗೆದ್ದು ಸರಣಿಯನ್ನು 2-1 ಮಾಡಿಕೊಂಡಿತು. ಸೋತ ವಾರವೇ ಹುಡುಗರನ್ನು ಎಬ್ಬಿಸಿ ನಿಲ್ಲಿಸುವುದು, ಹೊಸಬನನ್ನು ನಂಬಿ ಕಠಿಣವಾದ ದಿನ ಕಣಕ್ಕೆ ಕಳುಹಿಸುವುದು, ಇವೆರಡೂ ಬಳುವಳಿಯಾಗಿ ಬರುವ ಸಂಗತಿಗಳಲ್ಲ.

ಒಪ್ಪಲಾಗದ ಸಂಗತಿಯೂ ಒಂದಿದೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಕರ್ನಾಟಕದ ಕರುಣ್ ನಾಯರ್, ತಮ್ಮ ಮೂರನೆಯ ಟೆಸ್ಟ್ ಇನಿಂಗ್ಸಿನಲ್ಲಿಯೇ ಔಟಾಗದೆ 303 ರನ್ ಹೊಡೆದರು. ಮುಂದಿನ ಟೆಸ್ಟ್ ನಮಗೆ ಹತ್ತಿರದ ಹೈದರಾಬಾದಿನಲ್ಲಿ. ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿ ಬಂದರು, ಕರುಣ್ ಹೊರಗುಳಿದರು. ಹಿರಿಯನ ಸ್ಥಾನ ಗಾಯದಿಂದ ಹೋಗಬಾರದು ಎಂಬ ನ್ಯಾಯ ಅದರಲ್ಲಿತ್ತು, ನಿಜ. ಆದರೂ ಆ ಸುದ್ದಿಯನ್ನೋದಿದ ದಿನ ನನಗೆ ಊಟ ಸೇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ತರಗತಿಯಲ್ಲಿ ಮೊದಲಿಗನಾಗಿ ಬಂದ ಹುಡುಗನನ್ನು ಮರುದಿನ ಹಿಂದಿನ ಬೆಂಚಿಗೆ ಕಳುಹಿಸಿದಂತೆ. ಬಳುವಳಿಯಾಗಿ ಬಂದ ಹಿರಿಯರಿಗೂ ತಾನು ಎತ್ತಿದ ಕಿರಿಯರಿಗೂ ನಡುವೆ ಹೊಸ ಗುರು ಪಡುವ ಸಂಕಟ ಇಂಥದು.

ಮೊದಲ ವರ್ಷ ಮುಗಿದ ರೀತಿ ಎಲ್ಲರಿಗೂ ತಿಳಿದದ್ದೇ. 2017ರ ಜೂನ್ 18ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯವನ್ನು ಪಾಕಿಸ್ತಾನದೆದುರು 180 ರನ್ನುಗಳಿಂದ ಸೋತರು. ಎರಡು ದಿನಗಳ ಬಳಿಕ ಕುಂಬ್ಳೆ ರಾಜೀನಾಮೆಯಿತ್ತರು. ತಮ್ಮ ಕಾರ್ಯವಿಧಾನದ ಬಗ್ಗೆ ನಾಯಕನಿಗೆ ಆಕ್ಷೇಪಗಳಿವೆಯೆಂದು ಕ್ರಿಕೆಟ್ ಮಂಡಳಿ ತಮಗೆ ಹಿಂದಿನ ದಿನವಷ್ಟೇ ಮೊದಲ ಬಾರಿಗೆ ತಿಳಿಸಿತೆಂದೂ, ಆಟಗಾರರಿಗೆ ಕನ್ನಡಿ ಹಿಡಿಯುವುದು ಕೋಚನ ಕರ್ತವ್ಯವೆಂದೂ ಅವರು ಬಹಿರಂಗವಾಗಿ ಬರೆದರು. ಆ ವಾರ ಆದೋನಿಯ ಹತ್ತಿ ಮಾರುಕಟ್ಟೆಯ ಬಳಿಯ ಚಹದಂಗಡಿಯಲ್ಲಿ ನಡೆದ ವಾದದಲ್ಲಿ ಅರ್ಧ ಮಂದಿ ಕೊಹ್ಲಿಯ ಕಡೆ, ಅರ್ಧ ಮಂದಿ ಕುಂಬ್ಳೆಯ ಕಡೆ. ನನಗೆ ತೋರಿದ್ದಿಷ್ಟು: ತಂಡದೊಡನೆ ನಾಯಕನೂ ಬಳುವಳಿಯಾಗಿಯೇ ಬಂದಿದ್ದ. ಆತ ಕೋಚನನ್ನು ಆರಿಸಿದವನಲ್ಲ, ಕೋಚ್ ಆತನನ್ನು ಆರಿಸಿದವರಲ್ಲ. ಹನ್ನೆರಡು ಗೆಲುವುಗಳು ಆ ಒಂದು ಗಂಟನ್ನು ಬಿಡಿಸಲಾರದೆ ಹೋದವು.

ದ್ರಾವಿಡರ ಮೊದಲ ವರ್ಷ ಇದಕ್ಕೆ ತಿರುಗಾಮುರುಗಾ. 2021ರ ನವೆಂಬರಿನಲ್ಲಿ ಶಾಸ್ತ್ರಿಯವರ ಬಳಿಕ ತಂಡವನ್ನು ಕೈಗೆತ್ತಿಕೊಂಡರು. ದಕ್ಷಿಣ ಆಫ್ರಿಕದಲ್ಲಿ ಮೊದಲ ಟೆಸ್ಟ್ ಗೆದ್ದು ಮುಂದಿನೆರಡನ್ನು ಸೋತರು. 2022ರ ಜುಲೈಯಲ್ಲಿ ಎಜ್‌ಬಾಸ್ಟನ್ನಿನಲ್ಲಿ 378ರ ಗುರಿಯಿತ್ತೂ ಇಂಗ್ಲೆಂಡನ್ನು ತಡೆಯಲಾಗಲಿಲ್ಲ. ಏಷ್ಯಾ ಕಪ್ಪಿನ ಅಂತಿಮ ಪಂದ್ಯಕ್ಕೂ ತಲುಪಲಿಲ್ಲ. ಅದೇ ನವೆಂಬರ್ 10ರಂದು ಅಡಿಲೇಡಿನಲ್ಲಿ, ಟಿ-20 ವಿಶ್ವಕಪ್ಪಿನ ಉಪಾಂತ್ಯದಲ್ಲಿ, ಇಂಗ್ಲೆಂಡ್ ಒಂದು ವಿಕೆಟನ್ನೂ ಕಳೆದುಕೊಳ್ಳದೆ ಗೆದ್ದಿತು. ಅಂದು ತಕ್ಕಡಿ ಹಿಡಿದವರು ಬಹುಮಂದಿ. ಆ ವರ್ಷದೊಳಗೆ ಕೊಹ್ಲಿ ನಾಯಕತ್ವದಿಂದ ಇಳಿದಿದ್ದರು, ಗಾಯ ಮತ್ತು ವಿಶ್ರಾಂತಿಗಳ ಕಾರಣದಿಂದ ಆರಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಪಂದ್ಯದಲ್ಲಿ ನಾಯಕರಾಗಿದ್ದರು ಎಂಬುದು ಯಾರ ಗಣನೆಗೂ ಬರಲಿಲ್ಲ. ಅದೇ ಕೋಚ್, 2024ರ ಜೂನ್ 29ರಂದು ಬ್ರಿಡ್ಜ್‌ಟೌನಿನಲ್ಲಿ ದಕ್ಷಿಣ ಆಫ್ರಿಕವನ್ನು ಏಳು ರನ್ನುಗಳಿಂದ ಸೋಲಿಸಿದ ತಂಡದೊಡನೆ ವಿಶ್ವಕಪ್ಪನ್ನು ಎತ್ತಿ ಹಿಡಿದರು. 2007ರಲ್ಲಿ ಅದೇ ವೆಸ್ಟ್ ಇಂಡೀಸಿನಲ್ಲಿ ನಾಯಕರಾಗಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿದ್ದವರು ಅವರು.

ದ್ರಾವಿಡರ ಬಳುವಳಿಯಲ್ಲಿ ಒಂದು ವಿಶೇಷವೂ ಇದ್ದಿತು. 2015ರಿಂದ ಅವರು 19 ವರ್ಷದೊಳಗಿನವರ ತಂಡಕ್ಕೂ ಭಾರತ 'ಎ' ತಂಡಕ್ಕೂ ಗುರುವಾಗಿದ್ದರು. ರಿಷಭ್ ಪಂತ್ 2016ರಲ್ಲಿ, ಶುಭಮನ್ ಗಿಲ್ 2018ರಲ್ಲಿ ಕಿರಿಯರ ವಿಶ್ವಕಪ್ ಆಡಿದ್ದು ಅವರ ಕೈಕೆಳಗೆ. ಎಂದರೆ ಶಾಸ್ತ್ರಿಯವರಿಂದ ಬಂದ ಆಟಗಾರರಲ್ಲಿ ಕೆಲವರು ಮೊದಲು ಅವರದೇ ಅಂಗಳದಲ್ಲಿ ಬೆಳೆದವರು. ಬಿತ್ತಿದವರಾರು, ಕೊಯ್ದವರಾರು ಎಂದು ಹಂಚಲು ಹೊರಟರೆ ಲೆಕ್ಕಿಗನಿಗೂ ತಲೆ ತಿರುಗಬೇಕು.

ಇವೆರಡೂ ರಾಷ್ಟ್ರದ ತಂಡಗಳು. ಆಟಗಾರ ಹತ್ತು ಹನ್ನೆರಡು ವರ್ಷ ಉಳಿಯಬಲ್ಲ. ಶಾಲೆ ಕಾಲೇಜುಗಳ ತಂಡ ಹಾಗಲ್ಲ, ವರ್ಷವರ್ಷವೂ ಕೆಲವರು ತೇರ್ಗಡೆಯಾಗಿ ಹೊರಟುಹೋಗುತ್ತಾರೆ. ಇದಕ್ಕೆ ಹೇಳಿಮಾಡಿಸಿದ ದೃಷ್ಟಾಂತ ಅಮೆರಿಕೆಯ ಜಾನ್ ವುಡನ್ ಅವರದು. ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಲೋಕಪ್ರಸಿದ್ಧರಾದ ಇವರು ಮೂಲತಃ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಿಕ್ಷಕರು. ಇಂಡಿಯಾನಾದ ಶಿಕ್ಷಕ ತರಬೇತಿ ಕಾಲೇಜಿನಲ್ಲಿಯೂ ತಂಡ ಕಟ್ಟಿದವರು. 1948ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿಯ ತಂಡ ಹಿಂದಿನ ವರ್ಷ 12 ಪಂದ್ಯ ಗೆದ್ದು 13 ಸೋತಿತ್ತು. ವುಡನ್ನರ ಮೊದಲ ವರ್ಷ 22 ಗೆಲುವು, 7 ಸೋಲು. ಅವರು ಮೊದಲ ದಿನ ಕಲಿಸುತ್ತಿದ್ದದ್ದು ಚೆಂಡೆಸೆಯುವುದನ್ನಲ್ಲ. ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿ ಬೂಟಿನ ದಾರವನ್ನು ಸರಿಯಾಗಿ ಬಿಗಿಯುವುದನ್ನು. ಪಾದದಲ್ಲಿ ಬೊಬ್ಬೆಯೆದ್ದರೆ ಆಟವಿಲ್ಲ ಎಂಬ ಸರಳವಾದ ಕಾರಣ. ಇಷ್ಟು ಒಳ್ಳೆಯ ಆರಂಭವಿದ್ದೂ ರಾಷ್ಟ್ರೀಯ ಪ್ರಶಸ್ತಿ ಮೊದಲ ಸಲ ಕೈಗೆ ಬಂದದ್ದು 1964ರಲ್ಲಿ, ಹದಿನಾರನೆಯ ವರ್ಷದಲ್ಲಿ. ಆಮೇಲೆ 1975ರೊಳಗೆ ಒಟ್ಟು ಹತ್ತು ಸಲ ಬಂದಿತು. ಇನ್ನು ಆ ಆಟವನ್ನು 1891ರಲ್ಲಿ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ತರೂ ವ್ಯಾಯಾಮ ಶಿಕ್ಷಕರೇ. ಕಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿ ಅವರು ಗೆದ್ದದ್ದು 55, ಸೋತದ್ದು 60! ನಮ್ಮ ಸಮಿತಿಯ ಹಿರಿಯರು ಅವರನ್ನು ಖಂಡಿತ ಉಳಿಸಿಕೊಳ್ಳುತ್ತಿರಲಿಲ್ಲ.

ಈಗ ನಮ್ಮ ಒಂಬತ್ತು ಹುಡುಗರ ವಿಚಾರ. "ಹುಡುಗ್ರು ಅವ್ರೇ" ಎಂದರಲ್ಲವೆ? ಹಾಜರಿ ಪುಸ್ತಕವನ್ನು ತೆಗೆದು ನೋಡಿದೆ. ಗೆದ್ದ ತಂಡದ ಇಬ್ಬರು ಹತ್ತನೆಯ ತರಗತಿ ಮುಗಿಸಿ ಹೋಗಿದ್ದರು. ಅವರಲ್ಲೊಬ್ಬ, ಉದ್ದ ಕಾಲಿನ ಓಟಗಾರ. ಎರಡು ವರ್ಷವೂ ಗೆಲುವೆಲ್ಲ ಅವನ ಕಾಲಲ್ಲಿಯೇ ಇತ್ತು. ಮತ್ತೊಬ್ಬ ತಂದೆತಾಯಿಯರೊಡನೆ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಹೋಗಿದ್ದ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಊರುಗಳಲ್ಲಿ ಮನೆಗಳಿಗೆ ಬೀಗ ಬೀಳುವುದನ್ನು ಬಲ್ಲವರಿಗೆ ಇದರ ಅರ್ಥವಾದೀತು. ಹೊಸ ಶಿಕ್ಷಕರಿಗೆ ದೊರೆತದ್ದು, ಆ ಉದ್ದ ಕಾಲಿನವನು ಎಲ್ಲವನ್ನೂ ಮಾಡಿಯಾನೆಂದು ಕುಳಿತು ರೂಢಿಯಾದ ಆರು ಮಂದಿ, ಮೂವರು ಹೊಸಬರು. ಪೂರ್ವಜ್ಞಾನದ ಅಂಕಣದಲ್ಲಿ ಬರೆಯಬೇಕಾದದ್ದು ಇದು.

ಸೋತ ಮೇಲೆ ಅವರು ಏನು ಮಾಡುತ್ತಾರೆಂದು ಕಿಟಕಿಯಿಂದ ಗಮನಿಸತೊಡಗಿದೆ. ಸಂಜೆ ಅರ್ಧ ಗಂಟೆ, ಓಟವಿಲ್ಲ, ಕುಳಿತೇ ಅಭ್ಯಾಸ. ಬೆನ್ನು ಮುಟ್ಟಿ 'ಖೋ' ಎಂದ ಕೂಡಲೆ ಏಳುವುದು, ಮುಟ್ಟುವ ಮೊದಲು ಏಳದಿರುವುದು. ಮೊದಲ ಪಂದ್ಯದಲ್ಲಿ ಹೆಚ್ಚು ಫೌಲುಗಳಾದದ್ದು ಇದರಲ್ಲಿಯೇ. ಜನವರಿಯ ಹೊತ್ತಿಗೆ ಹುಡುಗರು ತಾವಾಗಿಯೇ ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳುತ್ತಿದ್ದರು. ಕಂಬದ ಬಳಿ ಕುಳ್ಳ ಹುಡುಗನೊಬ್ಬ ನೆಲಕ್ಕೆ ಹಾರಿ ಓಡುವವನ ಹಿಮ್ಮಡಿ ಮುಟ್ಟುವುದನ್ನು ಕಲಿತಿದ್ದ. ಹಿಂದಿನ ಎರಡು ವರ್ಷ ಆತ ತಂಡದಲ್ಲಿದ್ದನೆಂಬುದೇ ನನಗೆ ನೆನಪಿರಲಿಲ್ಲ.

ಲೋಪವೂ ಇದೆ, ಅದನ್ನೂ ಬರೆದೆ. ಹೊಸ ಶಿಕ್ಷಕರು ಹಿರಿಯ ಹುಡುಗರೊಡನೆ ತೀರ ಬಿರುಸು. ಹಳೆಯ ಗುರುಗಳ ಹೆಸರನ್ನು ಹುಡುಗರು ಎತ್ತಿದರೆ ಮುಖ ಗಂಟಿಕ್ಕುತ್ತಾರೆ. ಕುಂಬ್ಳೆಯವರ ಕಥೆಯನ್ನು ಅವರಿಗೆ ಚಹ ಕುಡಿಯುತ್ತ ಹೇಳಿದೆ. ನಕ್ಕರು, ಉತ್ತರ ಕೊಡಲಿಲ್ಲ.

ಅಭಿಪ್ರಾಯದ ಪುಟದಲ್ಲಿ ಮಂಡಲ ಪಂದ್ಯದ ಫಲಿತಾಂಶವನ್ನು ಒಂದು ಸಾಲಿನಲ್ಲಿ, ಹುಡುಗರು ಹೊಸದಾಗಿ ಕಲಿತದ್ದನ್ನು ಆರು ಸಾಲಿನಲ್ಲಿ ಬರೆದು ರುಜು ಹಾಕಿದೆ. ಹಿರಿಯರನ್ನು ಒಂದು ಸಂಜೆ ಬಯಲಿಗೆ ಕರೆದೊಯ್ದೆ. ಬಹಳ ಹೊತ್ತು ನಿಂತು ನೋಡಿದರು. "ಆ ಕುಳ್ಳ ಯಾರ ಮಗಾರೀ?" ಎಂದು ಕೇಳಿದರು. ಅವರದೇ ಓಣಿಯವನೆಂದು ಹೇಳಿದೆ.