ಪುಸ್ತಕ ಕೊಂಡೆವೋ, ಬಾಡಿಗೆಗೆ ತಂದೆವೋ?

ಕಳೆದ ವರ್ಷ ದಶಲಕ್ಷಣ ಪರ್ವಕ್ಕೆ ಮಕ್ಕಳೆಲ್ಲ ಸೊಲ್ಲಾಪುರದ ನಮ್ಮ ಮನೆಗೆ ಬಂದಿದ್ದರು. ಪುಣೆಯಲ್ಲಿರುವ ಮಗ ತಾಯಿಗೆಂದು ಒಂದು ಕಿಂಡಲ್ ತಂದಿದ್ದ. ಟೊರಾಂಟೊದಿಂದ ಬಂದ ಅಳಿಯಂದಿರು ಅತ್ತೆಯವರಿಗೆಂದು ಒಂದು ಕೋಬೊ ತಂದಿದ್ದರು. ಒಬ್ಬರ ವಿಚಾರ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎರಡೂ ಇ-ಪುಸ್ತಕ ಓದುವ ಯಂತ್ರಗಳೇ, ಎರಡೂ ಸಣ್ಣ ಪಾಟಿಯಷ್ಟು ಅಗಲ.

ತರಲು ಕಾರಣವಿತ್ತು. ನಮ್ಮ ಮನೆಯವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಬೆಳಗಿನ ಸ್ವಾಧ್ಯಾಯ ಎಂದೂ ತಪ್ಪಿಸಿದವರಲ್ಲ. ಆದರೆ ನಮ್ಮಲ್ಲಿರುವ ‘ಭರತೇಶ ವೈಭವ’ ಹಳೆಯ ಮುದ್ರಣ. ಅಕ್ಷರ ಸಣ್ಣವು, ಕಾಗದ ಕಂದಿದೆ. ಎರಡು ಪುಟ ಓದುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ.

ಎರಡರಲ್ಲಿ ಯಾವುದು ಲೇಸು ಎಂದು ಮಗನಿಗೂ ಅಳಿಯಂದಿರಿಗೂ ಮಾತು ಬೆಳೆಯಿತು. ಇವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಇದರಾಗ ಕೊಂಡ ಪುಸ್ತಕ ಓದಿ ಮುಗಿದ ಮ್ಯಾಲೆ, ನೋಂಪಿ ಉದ್ಯಾಪನಿಗೆ ಬಸ್ತಿಗೆ ಕೊಡಾಕ ಬರ್ತದೇನಪಾ?”

ಮಗ ಸುಮ್ಮನಾದ. “ಬರೂದಿಲ್ಲವ್ವಾ” ಎಂದ.

ನಾನು ಕಲಿತದ್ದು ಮ್ಯಾಟ್ರಿಕ್‌ವರೆಗೆ. ಯಂತ್ರವಿದ್ಯೆ ನನಗೆ ದೂರ. ಆದರೆ ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತವನಿಗೆ ಕೊಟ್ಟ ಹಣಕ್ಕೆ ಮಾಲು ನಮ್ಮದಾಯಿತೋ ಇಲ್ಲವೋ ಎಂಬ ಪ್ರಶ್ನೆ ತಿಳಿಯುತ್ತದೆ. ಆ ದಿನದಿಂದ ಮಕ್ಕಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಕಣ್ಣಿಗೆ ಹಿತವಾದ ಪರದೆ

ಮೊದಲು ಗುಣ ಹೇಳಬೇಕು. ಇವುಗಳ ಪರದೆ ಮೊಬೈಲಿನ ಪರದೆಯಂತಲ್ಲ. ಇದಕ್ಕೆ ಇ-ಇಂಕ್ ಎನ್ನುತ್ತಾರೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧನೆಯಿಂದ ಹುಟ್ಟಿ 1997ರಲ್ಲಿ ಕಂಪನಿಯಾಯಿತು. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿದ್ದು, ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ವಿದ್ಯುತ್ ಕೊಟ್ಟಾಗ ಬೇಕಾದ ಬಣ್ಣದ ಕಣ ಮೇಲೆ ಬಂದು ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ನಿಲ್ಲಲು ವಿದ್ಯುತ್ ಬೇಡ, ಪುಟ ತಿರುವಿದಾಗ ಮಾತ್ರ ಬೇಕು. ಆದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಬಿಸಿಲಿನಲ್ಲೂ ಕಾಗದದಂತೆ ಕಾಣುತ್ತದೆ. ಇ-ಪುಸ್ತಕದ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಅರವತ್ತು ದಾಟಿದವರಿಗೆ ಇದು ಸಣ್ಣ ಉಪಕಾರವಲ್ಲ.

ಈ ಪರದೆಯ ಮೊದಲ ಓದುಯಂತ್ರವನ್ನು ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಮಾರಿತು. 2007ರ ನವೆಂಬರಿನಲ್ಲಿ ಅಮೆಜಾನ್‌ನ ಕಿಂಡಲ್ ಬಂತು. ಬೆಲೆ 399 ಡಾಲರ್, ಇದ್ದ ಮಾಲೆಲ್ಲ ಐದೂವರೆ ತಾಸಿನಲ್ಲಿ ಖಾಲಿ. 2009ರಲ್ಲಿ ಬಾರ್ನ್ಸ್ ಅಂಡ್ ನೋಬಲ್ ಎಂಬ ಪುಸ್ತಕದಂಗಡಿ ನೂಕ್ ತಂದಿತು. 2010ರಲ್ಲಿ ಕೆನಡಾದ ಕೋಬೊ ಬಂತು.

ಆಮೇಲೆ ನಡೆದದ್ದು ನಮ್ಮ ಪೇಟೆಯ ಕಥೆಯೇ. 2010ರ ಜೂನಿನಲ್ಲಿ ನೂಕ್‌ನ ಬೆಲೆ 259 ಡಾಲರಿನಿಂದ 199ಕ್ಕೆ ಇಳಿಯಿತು. ಅದೇ ದಿನ ಕಿಂಡಲ್ 259ರಿಂದ 189ಕ್ಕೆ ಇಳಿಯಿತು. ಎದುರು ಅಂಗಡಿಯವನು ಸೀರೆಗೆ ಐವತ್ತು ರೂಪಾಯಿ ಇಳಿಸಿದರೆ ನಾವು ಅರವತ್ತು ಇಳಿಸುವುದಿಲ್ಲವೇ?

ಲಾಭ ಎಲ್ಲಿದೆ?

ನಷ್ಟಕ್ಕೆ ಯಾರೂ ವ್ಯಾಪಾರ ಮಾಡುವುದಿಲ್ಲ. ಯಂತ್ರವನ್ನು ತಾವು ಅಸಲಿಗೇ ಮಾರುತ್ತೇವೆಂದು ಅಮೆಜಾನ್‌ನ ಯಜಮಾನರು 2012ರಲ್ಲಿ ಬಾಯಿಬಿಟ್ಟು ಹೇಳಿದರು. ಲಾಭವಿರುವುದು ಮುಂದೆ ಮಾರುವ ಪುಸ್ತಕಗಳಲ್ಲಿ. ಆದ್ದರಿಂದ ಗಿರಾಕಿ ಬೇರೆ ಅಂಗಡಿಗೆ ಹೋಗದಂತೆ ಬೀಗ ಹಾಕುವುದು ಅವರಿಗೆ ಅವಶ್ಯ. ಕಿಂಡಲ್‌ಗೆ ತನ್ನದೇ ಕಡತದ ರೂಪವಿದೆ. ಕೋಬೊ ಮುಂತಾದವು ಇಪಬ್ ಎಂಬ ಸಾಮಾನ್ಯ ರೂಪವನ್ನು ಹಿಡಿದವು. ಆದರೆ ಅಲ್ಲಿ ಮಾರುವ ಪುಸ್ತಕಗಳಲ್ಲೂ ಬಹಳಷ್ಟಕ್ಕೆ ಬೀಗ ಉಂಟು. ಒಂದು ಅಂಗಡಿಯ ಬೀಗದ ಪುಸ್ತಕ ಇನ್ನೊಂದು ಅಂಗಡಿಯ ಯಂತ್ರದಲ್ಲಿ ಎಷ್ಟೋ ಸಲ ತೆರೆಯದು.

ಬೀಗದ ಕೀಲಿ ಅವರ ಕೈಯಲ್ಲಿದ್ದರೆ ಏನಾಗಬಹುದು? 2009ರ ಜುಲೈಯಲ್ಲಿ ಅಮೆಜಾನ್ ತಾನೇ ಮಾರಿದ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ಗಿರಾಕಿಗಳ ಯಂತ್ರದಿಂದ ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಅವನ್ನು ಮಾರಿಸಿದ್ದ ಪ್ರಕಾಶಕನಿಗೆ ಹಕ್ಕು ಇರಲಿಲ್ಲವಂತೆ. ಹಣ ವಾಪಸು ಕೊಟ್ಟರು, ಯಜಮಾನರು ಕ್ಷಮೆಯನ್ನೂ ಕೇಳಿದರು. ಆದರೆ ಒಬ್ಬ ಶಾಲಾ ಹುಡುಗ ಪುಸ್ತಕದಲ್ಲಿ ಬರೆದುಕೊಂಡಿದ್ದ ಟಿಪ್ಪಣಿ ನಿರುಪಯೋಗವಾಗಿ, ಅವನು ಕೋರ್ಟಿಗೆ ಹೋದ.

ಸೋನಿ 2014ರಲ್ಲಿ ಅಮೆರಿಕ, ಕೆನಡಾಗಳ ತನ್ನ ಇ-ಪುಸ್ತಕದಂಗಡಿ ಮುಚ್ಚಿ ಗಿರಾಕಿಗಳನ್ನು ಕೋಬೊಗೆ ಒಪ್ಪಿಸಿತು. ನಮ್ಮ ದೇಶದ ಫ್ಲಿಪ್‌ಕಾರ್ಟ್ 2015ರ ಕೊನೆಗೆ ಹಾಗೆಯೇ ಮಾಡಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಅಂಗಡಿ ಮುಚ್ಚಿದಾಗ ಮಾರಿದ ಪುಸ್ತಕಗಳೇ ಇಲ್ಲವಾದವು. ಹಣ ಮಾತ್ರ ಹಿಂದಕ್ಕೆ ಬಂತು. ನಮ್ಮ ಅಂಗಡಿ ಮುಚ್ಚಿತೆಂದು ಗಿರಾಕಿಯ ಮೈಮೇಲಿನ ಧೋತರ ಮಾಯವಾಗುವುದುಂಟೇ?

ಕೊಂಡ ಪುಸ್ತಕದ ಕಡತವನ್ನು ಕಂಪ್ಯೂಟರಿಗೆ ಇಳಿಸಿ ತಂತಿಯ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವ ಅನುಕೂಲ ಮೊದಲಿತ್ತು. 2025ರ ಫೆಬ್ರುವರಿಯಲ್ಲಿ ಅಮೆಜಾನ್ ಅದನ್ನೂ ತೆಗೆಯಿತು. ಇಂಥ ಮಾಲನ್ನು ‘ಕೊಳ್ಳಿರಿ’ ಎಂದು ಮಾರುವುದಾದರೆ, ಸಿಗುವುದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ ಕಾಯಿದೆ ಮಾಡಿತು. 2025ರ ಜನವರಿ 1ರಿಂದ ಅದು ಜಾರಿಯಾಗಿದೆ. ಕಾಯಿದೆಯೇ ಒಪ್ಪಿದ ಮೇಲೆ ನಾವು ಅನುಮಾನ ಪಡುವುದೇನಿದೆ?

ಅತ್ತಿಮಬ್ಬೆಯ ಲೆಕ್ಕ

ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಮೂಡುಬಿದಿರೆಯಲ್ಲಿದ್ದ ಷಟ್ಖಂಡಾಗಮದ ಧವಲಾ ಟೀಕೆ ತಾಳೆಗರಿಯಿಂದ ಪ್ರತಿಯಾಗಿ ಹೊರಬಂದು, 1939ರಿಂದ ಒಂದೊಂದಾಗಿ 16 ಸಂಪುಟ ಅಚ್ಚಾಯಿತು. ಪ್ರತಿ ಮಾಡಿದ್ದರಿಂದ ಉಳಿಯಿತು, ಕೊಟ್ಟಿದ್ದರಿಂದ ಹರಡಿತು. ಪ್ರತಿ ಮಾಡಲಾಗದ, ಯಾರಿಗೂ ಕೊಡಲಾಗದ ಪುಸ್ತಕದಿಂದ ಶಾಸ್ತ್ರದಾನ ಹೇಗಾದೀತು? ನೂಕ್ ಯಂತ್ರದಲ್ಲಿ ಗೆಳೆಯರಿಗೆ ಪುಸ್ತಕ ಎರವಲು ಕೊಡುವ ಏರ್ಪಾಡು ಮಾಡಿದ್ದರು. ಅದೂ ಒಂದು ಪುಸ್ತಕವನ್ನು ಒಂದೇ ಸಲ, 14 ದಿನದ ಮಟ್ಟಿಗೆ.

ಗಡಿಯಾಚೆಗಿನ ಕನ್ನಡಿಗರಾದ ನಮಗೆ ಇನ್ನೊಂದು ಚಿಂತೆ. 2016ರಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳ ಇ-ಪುಸ್ತಕ ಮಾರಾಟ ಆರಂಭಿಸಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಐದರಲ್ಲಿ ಕನ್ನಡ ಇರಲಿಲ್ಲ. ಮರಾಠಿ ಶಾಲೆಗೆ ಹೋದ ನಮ್ಮ ಮೊಮ್ಮಕ್ಕಳಿಗೆ ಪುಸ್ತಕ ಸಿಕ್ಕಿತು, ಕನ್ನಡ ಓದುವ ಅಜ್ಜಿಗೆ ಸಿಗಲಿಲ್ಲ. ಹಳೆಯ ಕನ್ನಡ ಗ್ರಂಥಗಳು ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಪುಟಪುಟದ ಚಿತ್ರವಾಗಿ, ಅಂದರೆ ಪಿ.ಡಿ.ಎಫ್. ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ. ಇವಕ್ಕೆ ಬೀಗವಿಲ್ಲ. ಆದರೆ ಪುಟವೇ ಚಿತ್ರವಾದ್ದರಿಂದ ಅಕ್ಷರ ಮಾತ್ರ ದೊಡ್ಡದು ಮಾಡಲು ಬರುವುದಿಲ್ಲ. ಮಕ್ಕಳು ತಂದ ಎರಡೂ ಯಂತ್ರ ಆರು ಇಂಚಿನವು. ಅವುಗಳಲ್ಲಿ ‘ಭರತೇಶ ವೈಭವ’ ತೆರೆದರೆ ಅಕ್ಷರ ಅಚ್ಚಿನ ಪುಸ್ತಕಕ್ಕಿಂತ ಸಣ್ಣವಾದವು! ಕಂಪನಿಗಳ ಜಗಳದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಕೊಳ್ಳುವ ಮುನ್ನ

ಆದ್ದರಿಂದ ಯಂತ್ರ ಕೊಳ್ಳುವವರಿಗೆ ನನ್ನ ಅನುಭವದ ನಾಲ್ಕು ಮಾತು:

1. ಮೊದಲು ಏನು ಓದುವಿರಿ ಎಂದು ನಿಶ್ಚಯಿಸಿರಿ. ಇಂಗ್ಲಿಷ್ ಕಾದಂಬರಿ ಓದುವ ಮಕ್ಕಳಿಗೆ ಆರು ಇಂಚು ಸಾಕು. ಹಳೆಯ ಕನ್ನಡ ಗ್ರಂಥದ ಚಿತ್ರಪುಟಕ್ಕೆ ಹತ್ತು ಇಂಚಿನದು ಬೇಕು. ಬೆಲೆ ಹೆಚ್ಚು, ನಿಜ.

2. ನಿಮ್ಮದೇ ಕನ್ನಡ ಕಡತವನ್ನು ಯಂತ್ರದಲ್ಲಿ ತೆರೆಸಿ ನೋಡಿರಿ. ಒತ್ತಕ್ಷರ ಸರಿಯಾಗಿ ಕೂಡುತ್ತವೆಯೇ? ಬಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿ ಕೊಳ್ಳುವವರು ನಾವು. ಇದನ್ನೂ ಹಾಗೆಯೇ ಕೊಳ್ಳಿರಿ.

3. ಅವರ ಅಂಗಡಿಗೆ ಹೋಗದೆ, ನಿಮ್ಮಲ್ಲಿರುವ ಇಪಬ್, ಪಿ.ಡಿ.ಎಫ್.ಗಳನ್ನು ಹಾಕಿಕೊಳ್ಳಲು ಬರುತ್ತದೆಯೇ ಕೇಳಿರಿ. ಕಿಂಡಲ್ ಕೂಡ 2022ರಿಂದ ನಾವು ಕಳಿಸಿದ ಇಪಬ್ ಕಡತವನ್ನು ಪರಿವರ್ತಿಸಿ ಸ್ವೀಕರಿಸುತ್ತದೆ.

4. ಕಡತಗಳ ಇನ್ನೊಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ ಇರಲಿ. ಕೀರ್ದಿ ಒಂದೇ ಇಟ್ಟವನು ಬೆಂಕಿಗೆ ಅಂಜಬೇಕು.

ನಾವು ಮಾಡಿದ್ದಿಷ್ಟು. ಎರಡೂ ಸಣ್ಣ ಯಂತ್ರಗಳನ್ನು ಮೊಮ್ಮಕ್ಕಳಿಗೆ ಕೊಟ್ಟೆವು. ಮಗ, ಅಳಿಯ ಕೂಡಿ ಹತ್ತು ಇಂಚಿನದೊಂದನ್ನು ತರಿಸಿಕೊಟ್ಟರು. ಅದರ ಹೆಸರು ಬರೆದು ಜಾಹೀರಾತು ಮಾಡುವುದಿಲ್ಲ. ಈಗ ನಮ್ಮ ಮನೆಯವರು ಬೆಳಿಗ್ಗೆ ಅಭಿಷೇಕ ಮುಗಿಸಿ ಬಂದು, ಕಿಟಕಿಯ ಬೆಳಕಿನಲ್ಲಿ ಮಣೆಯ ಮೇಲೆ ಅದನ್ನಿಟ್ಟು ಅರ್ಧ ತಾಸು ಓದುತ್ತಾರೆ. ಕಣ್ಣಲ್ಲಿ ನೀರಿಲ್ಲ.

ಉದ್ಯಾಪನೆಗೆ ಮಾತ್ರ ಅಚ್ಚಿನ ಪುಸ್ತಕವೇ. ಈ ಸಲ ಹನ್ನೊಂದು ಪ್ರತಿ ತರಿಸಿ ಬಸ್ತಿಗೆ ಕೊಟ್ಟರು. ಕಾಗದದ ಪೊಟ್ಟಣ ಬಿಚ್ಚುತ್ತ, “ಓದಾಕ ಅದಿರಲಿ, ಕೊಡಾಕ ಇದಿರಲಿ” ಎಂದರು. ನನ್ನ ಇಷ್ಟು ದಿನದ ವಿಚಾರಣೆಯೆಲ್ಲ ಆ ಒಂದು ಮಾತಿನಲ್ಲಿ ಮುಗಿಯಿತು.